ಹಡಗು ದಂಡೆಗೆ ಬರುತ್ತಿರಲಿಲ್ಲ

ಭಾರತದ ಪ್ರಮುಖ ಬಂದರುಗಳ ಪಾಠ ಬಂದಾಗಲೆಲ್ಲ ನಕಾಶೆಯನ್ನು ಗೋಡೆಗೆ ತೂಗುಹಾಕಿ ಕಾಂಡ್ಲಾದಿಂದ ಕಡ್ಡಿ ಇಳಿಸುತ್ತೇನೆ. ಮುಂಬೈ, ನ್ಹಾವಾ ಶೇವಾ, ಮರ್ಮಗೋವಾ, ನವ ಮಂಗಳೂರು, ಕೊಚ್ಚಿ. ತೂತುಕುಡಿಯಲ್ಲಿ ತಿರುವು ತಗೊಂಡು ಚೆನ್ನೈ, ವಿಶಾಖಪಟ್ಟಣ, ಪಾರಾದೀಪ ಹಿಡಿದು ಮೇಲೆ ಹತ್ತಿ ಹಲ್ದಿಯಾದಲ್ಲಿ ನಿಲ್ಲಿಸುತ್ತೇನೆ. ಬಳ್ಳಾರಿಯ ನನ್ನ ಮಕ್ಕಳಿಗೆ ಕಡಲೆಂದರೆ ಪರೀಕ್ಷೆಯಲ್ಲಿ ಬರುವ ಒಂದು ನಕಾಶೆ ಪ್ರಶ್ನೆ ಅಷ್ಟೇ. ಹೋದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ನೀವು ಹಡಗು ಹತ್ತೀರಾ?" ಅಂದಳು. ಇಲ್ಲ ಅಂದೆ. "ನಿಮ್ಮ ಮನ್ಯಾಗ ಯಾರನ್ನ?" ಅಂದಳು. ಅಷ್ಟರಲ್ಲಿ ಬೆಲ್ಲು ಹೊಡೆಯಿತು. ನಾನು ನಕಾಶೆ ಸುತ್ತಿಕೊಂಡು ಹೊರಟೆ. ಆದರೆ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು.

ನಮ್ಮದು ಕುರುಗೋಡು. ದೊಡ್ಡಬಸವೇಶ್ವರನ ಗುಡಿಯಿಂದ ಸ್ವಲ್ಪ ದೂರದ ಓಣಿಯಲ್ಲಿ ಮನೆ. ಅಪ್ಪ ಮೊದಲು ಬೇರೆಯವರ ಲಾರಿ ಓಡಿಸುತ್ತಿದ್ದ. 2006ರಲ್ಲಿ ಸಾಲ ಮಾಡಿ ತನ್ನದೇ ಒಂದು ಹತ್ತು ಚಕ್ರದ ಲಾರಿ ತಂದ. ಚೀನಾದಲ್ಲಿ ಒಲಿಂಪಿಕ್ಸ್ ನಡೆಯುವುದಿತ್ತು, ಅಲ್ಲಿ ಉಕ್ಕಿಗೆ ಎಲ್ಲಿಲ್ಲದ ಹಸಿವು. ಆ ಹಸಿವಿನ ಬಾಲ ನಮ್ಮ ಸಂಡೂರಿನ ಗುಡ್ಡದ ತನಕ ಬಂದಿತ್ತು. ಅದಿರು ಅಂತ ನಮ್ಮ ಮನೆಯಲ್ಲಿ ಯಾರೂ ಅನ್ನುತ್ತಿರಲಿಲ್ಲ, 'ಮಣ್ಣು' ಅನ್ನುತ್ತಿದ್ದೆವು. "ಮಣ್ಣು ಹೊಡ್ಯಾಕ ಹೋಗ್ಯಾನ" ಅಂದರೆ ಅಪ್ಪ ನಾಲ್ಕೈದು ದಿನ ಸಿಗುವುದಿಲ್ಲ ಅಂತ ಅರ್ಥ. ಅವನು ಬಂದ ದಿನ ಬಚ್ಚಲ ನೀರು ಕೆಂಪಗೆ ಹರಿಯುತ್ತಿತ್ತು. ಅವನ ಬಿಳಿ ಬನಿಯನ್ನು ಎಷ್ಟು ತಿಕ್ಕಿದರೂ ಬಿಳಿಯಾಗಲಿಲ್ಲ. ಅಮ್ಮ ಕಡೆಗೆ ಬಿಳಿ ಬಟ್ಟೆ ತರುವುದನ್ನೇ ಬಿಟ್ಟಳು.

ಅಪ್ಪನ ದಾರಿ ಹೆಚ್ಚಾಗಿ ಬೇಲೆಕೇರಿಗೆ. ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಆಮೇಲೆ ಅರಬೈಲು ಘಟ್ಟ ಇಳಿದರೆ ಅಂಕೋಲಾ. ಘಟ್ಟದಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಹಿಂದೆ ಮೈಲುಗಟ್ಟಲೆ ಲಾರಿ. ಕ್ಲೀನರ್ ಹುಡುಗರು ರಸ್ತೆ ಪಕ್ಕ ಸ್ಟವ್ ಹಚ್ಚಿ ಅನ್ನ ಇಡುತ್ತಿದ್ದರಂತೆ. ಅಷ್ಟು ದೂರ ಹೋಗಿ ಬಂದವನನ್ನು ನಾನೂ ತಮ್ಮನೂ ಕೇಳುತ್ತಿದ್ದದ್ದು ಒಂದೇ: "ಹಡಗು ಹೆಂಗೈತಪ್ಪಾ?"

ಅಪ್ಪ ನೋಡಿರಲಿಲ್ಲ. ಇದು ನಮಗೆ ನಂಬಲಾಗದ ಮಾತು. ಬೇಲೆಕೇರಿ ಸಣ್ಣ ಬಂದರು, ದೊಡ್ಡ ಹಡಗು ದಂಡೆಗೆ ಬರುವಷ್ಟು ಆಳ ಅಲ್ಲಿಲ್ಲ. ಮಣ್ಣನ್ನು ದಂಡೆಯಲ್ಲಿ ರಾಶಿ ಹಾಕಿ, ಬಾರ್ಜುಗಳಿಗೆ ತುಂಬಿ, ದೂರ ಕಡಲಲ್ಲಿ ಲಂಗರು ಹಾಕಿ ನಿಂತ ಹಡಗಿಗೆ ಸಾಗಿಸುತ್ತಿದ್ದರು. ಅಪ್ಪನ ಕೆಲಸ ರಾಶಿಯ ಹತ್ತಿರವೇ ಮುಗಿಯುತ್ತಿತ್ತು. "ಹಡಗು ಅಂದ್ರ ನಮಗ ಒಂದು ಪಾಳಿ. ಹಡಗು ಬಂದೈತಿ ಅಂದ್ರ ಪಾಳಿ ಮುಂದಕ್ಕ ಹೋಗ್ತತಿ, ಬಂದಿಲ್ಲ ಅಂದ್ರ ನಿಲ್ತತಿ" ಅನ್ನುತ್ತಿದ್ದ. ರಾತ್ರಿ ಹೊತ್ತು ಕಡಲಲ್ಲಿ ಕೆಲವು ದೀಪ ಕಾಣುತ್ತಿದ್ದವಂತೆ. ಅವೇ ಇರಬೇಕು ಅಂದುಕೊಂಡು ಮಲಗುತ್ತಿದ್ದನಂತೆ.

ಪಾಠ ಮಾಡುವಾಗ ಇದನ್ನು ಮಕ್ಕಳಿಗೆ ಒತ್ತಿ ಹೇಳುತ್ತೇನೆ: 'ಪ್ರಮುಖ ಬಂದರು' ಎನ್ನುವುದು ಗಾತ್ರದ ಮಾತಲ್ಲ, ಆಡಳಿತದ ಮಾತು. ಕೇಂದ್ರ ಸರ್ಕಾರದ ಕೈಯಲ್ಲಿದ್ದರೆ ಪ್ರಮುಖ, ಉಳಿದದ್ದು ರಾಜ್ಯದ್ದು. ಅದಾನಿಯವರ ಮುಂದ್ರಾ ಸರಕಿನಲ್ಲಿ ಎಷ್ಟೇ ದೊಡ್ಡದಿರಲಿ, ಈ ಪಟ್ಟಿಯಲ್ಲಿಲ್ಲ. ಕರ್ನಾಟಕಕ್ಕೆ ಇರುವುದು ಒಂದೇ ಒಂದು ಪ್ರಮುಖ ಬಂದರು, ಪಣಂಬೂರಿನ ನವ ಮಂಗಳೂರು. 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರು ಎಂದು ಘೋಷಣೆಯಾಯಿತು, ಮರುವರ್ಷ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಅದು ಪ್ರಕೃತಿ ಕೊಟ್ಟ ಬಂದರಲ್ಲ. ನೆಲ ತೋಡಿ, ಕಡಲನ್ನು ಒಳಗೆ ಕರೆದು, ಅಲೆ ತಡೆಯಲು ಕಲ್ಲಿನ ಗೋಡೆ ಕಟ್ಟಿ ಮಾಡಿದ್ದು. ಕುದುರೆಮುಖದ ಅದಿರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಕೆಸರಾಗಿ ಹರಿದು ಬರುತ್ತಿದ್ದದ್ದು ಅಲ್ಲಿಗೇ. ಆ ಕೊಳವೆಯ ವಿಷಯ ಹೇಳಿದಾಗ ಅಪ್ಪ ಬಹಳ ಹೊತ್ತು ಯೋಚಿಸಿ, "ಹಂಗಾರ ಅಲ್ಲಿ ಡ್ರೈವರ್ ಬೇಕಿಲ್ಲ" ಅಂದಿದ್ದ.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಮರುವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ನಿಲ್ಲಿಸಬೇಕಾದದ್ದೇ. ಗುಡ್ಡಗಳು ಕರಗಿದ್ದನ್ನು ನಾವು ಕಣ್ಣಾರೆ ಕಂಡವರು, ಜೋಳದ ಸೊಪ್ಪಿನ ಮೇಲೆ ಕೆಂಪು ಧೂಳು ಕೂತು ದನ ಮುಟ್ಟದೆ ಹೋದದ್ದನ್ನೂ ಕಂಡವರು. ನ್ಯಾಯ ಅಂತ ಗೊತ್ತಿದ್ದೂ ಅದರ ಏಟು ಯಾರ ಮನೆಗೆ ಮೊದಲು ಬಿತ್ತು ಅನ್ನುವುದು ಬೇರೆ ಮಾತು. ನಮ್ಮ ಲಾರಿ ಎಂಟು ತಿಂಗಳು ಓಣಿಯಲ್ಲಿ ನಿಂತಿತ್ತು. ಒಂದು ಬೆಳಿಗ್ಗೆ ಸಾಲ ಕೊಟ್ಟವರು ಬಂದು ತಗೊಂಡು ಹೋದರು. ಅಪ್ಪ ಟಾರ್ಪಾಲು ಮಾತ್ರ ಬಿಚ್ಚಿ ಇಟ್ಟುಕೊಂಡ. ಅದು ಈಗಲೂ ನಮ್ಮ ಮಾಳಿಗೆಯ ಮೇಲೆ ಮಳೆಗಾಲಕ್ಕೆ ಹಾಸಿದೆ.

ತಮ್ಮ ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮಾಡಿದ್ದು ಅದಾದ ಮೇಲೆ. ಪ್ರವಾಸಿ ಹಡಗಿನ ಕೆಲಸದ ವಿಷಯವನ್ನು ಮೊದಲು ಪತ್ರಿಕೆಯಲ್ಲಿ ಓದಿ ಅವನಿಗೆ ತೋರಿಸಿದವಳು ನಾನು. ಹೋಗು ಅಂದವಳೂ ನಾನೇ. ಸುರಕ್ಷತಾ ತರಬೇತಿ, ಸಿಡಿಸಿ ಪುಸ್ತಕ, ವೈದ್ಯಕೀಯ ಪರೀಕ್ಷೆ, ವೀಸಾ, ಜೊತೆಗೆ ಏಜೆಂಟನ ಕೈಗೆ ರಸೀದಿ ಇಲ್ಲದ ಹಣ. ಮದುವೆಗೆಂದು ಮಾಡಿಸಿಟ್ಟಿದ್ದ ನನ್ನ ನಾಲ್ಕು ಬಳೆ ಅದಕ್ಕೆ ಹೋದವು. ಹಡಗಿನ ಕೆಲಸಕ್ಕೆ ಸೇರಿಸಲು ಕೆಲಸಗಾರನಿಂದ ಹಣ ಪಡೆಯಬಾರದು ಅಂತ ಅಂತರರಾಷ್ಟ್ರೀಯ ಒಪ್ಪಂದವೇ ಇದೆ ಎಂದು ನಾನು ಓದಿಕೊಂಡದ್ದು ಆಮೇಲೆ. ಸಮಾಜ ವಿಜ್ಞಾನದ ಟೀಚರ್ ನಾನು!

ಹೊರಡುವ ಮೊದಲು ಅವನು ಅಮ್ಮನ ತವರಿಗೆ ಹೋಗಿ ಬಂದ. ಅದು ಸಿರುಗುಪ್ಪದ ಕಡೆ ತುಂಗಭದ್ರೆಯ ದಂಡೆಯ ಊರು, ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ. ನಮ್ಮಜ್ಜ ಅಲ್ಲಿ ಹರಿಗೋಲು ಹಾಕುತ್ತಿದ್ದವನು. ಬಿದಿರಿನ ಬುಟ್ಟಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿಯುತ್ತಾರೆ. ಅಜ್ಜ ಮೊಮ್ಮಗನ ಹಡಗಿನ ಚಿತ್ರವನ್ನು ಫೋನಿನಲ್ಲಿ ನೋಡಿ, "ಇದಕ್ಕ ಮೂತಿ ಐತಿ. ತಿರುಗ್ಸೋದು ಕಷ್ಟ" ಅಂದ. ತಮ್ಮ ಒಪ್ಪಲಿಲ್ಲ. ಇಂಥ ಹಡಗುಗಳ ಹೊಟ್ಟೆಯಡಿ ನೇತುಹಾಕಿದ ಪಂಕಗಳು ಸುತ್ತಲೂ ತಿರುಗುತ್ತವೆ, ನಿಂತಲ್ಲೇ ಹಡಗನ್ನು ತಿರುಗಿಸಬಹುದು ಎಂದು ವಿವರಿಸಿದ. ಅಜ್ಜನಿಗೆ ಖುಷಿಯಾಯಿತು. "ಹಂಗಂದ್ರ ಹರಿಗೋಲು ಅನ್ನು. ಇಷ್ಟು ದೊಡ್ಡದು ಮಾಡಿ ಕಡೀಗೆ ನಮ್ಮ ಬುದ್ಧಿಗೇ ಬಂದ್ರು."

ಎಷ್ಟು ದೊಡ್ಡದು ಎನ್ನುವುದು ಮಾತ್ರ ಅಮ್ಮನಿಗೆ ಬಗೆಹರಿಯಲಿಲ್ಲ. 2024ರ ಜನವರಿಯಲ್ಲಿ ಮಿಯಾಮಿಯಿಂದ ಹೊರಟ 'ಐಕಾನ್ ಆಫ್ ದಿ ಸೀಸ್' ಜಗತ್ತಿನ ಅತಿದೊಡ್ಡ ಪ್ರವಾಸಿ ಹಡಗು ಅಂತ ಟಿವಿಯಲ್ಲಿ ಬಂತು. 365 ಮೀಟರ್ ಉದ್ದ, ಇಪ್ಪತ್ತು ಅಂತಸ್ತು. ಟೈಟಾನಿಕ್ 269 ಮೀಟರ್ ಇತ್ತು. ಅಂಕಿಗಳು ಅಮ್ಮನ ತಲೆಗೆ ಹೋಗಲಿಲ್ಲ. ಕಡೆಗೆ ನಾನು ಅವಳನ್ನು ಕರಕೊಂಡು ಮನೆಯಿಂದ ಗುಡಿಯ ಕಡೆಗೆ ಹೆಜ್ಜೆ ಎಣಿಸುತ್ತಾ ನಡೆದೆ. ಐನೂರು ದಾಟಿತು. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಎರಡು ಓಣಿ, ಎಲ್ಲ ಹಿಂದೆ ಬಿದ್ದವು. "ಇಲ್ಲೀತನ" ಅಂದೆ. ಅಮ್ಮ ತಿರುಗಿ ನಮ್ಮ ಮನೆ ಕಡೆ ನೋಡಿ, "ಇಷ್ಟ್ರೊಳಗ ನನ್ನ ಮಗನ ಕೋಣೆ ಎಷ್ಟೈತಿ?" ಅಂದಳು.

ಅವನು ಇರುವುದು ಅದರಲ್ಲಲ್ಲ, ಬೇರೊಂದರಲ್ಲಿ. ಕೋಣೆ ಇಬ್ಬರಿಗೆ, ಮೇಲೊಂದು ಮಂಚ ಕೆಳಗೊಂದು ಮಂಚ, ಕಿಟಕಿ ಇಲ್ಲ. ನೀರಿನ ಮಟ್ಟಕ್ಕಿಂತ ಕೆಳಗೆ. ಕೆಲಸಗಾರರು ಓಡಾಡಲು ಹಡಗಿನ ಉದ್ದಕ್ಕೂ ಒಂದು ಮೊಗಸಾಲೆಯಿದೆ. ಅದಕ್ಕೆ ಅಮೆರಿಕದ ಒಂದು ಹೆದ್ದಾರಿಯ ಹೆಸರಿಟ್ಟು 'ಐ-95' ಅನ್ನುತ್ತಾರೆ. ಪ್ರಯಾಣಿಕರಿಗೆ ಆ ದಾರಿ ಕಾಣುವುದಿಲ್ಲ. ಅಪ್ಪ ಇದನ್ನು ಕೇಳಿ ಮೊದಲ ಸಲ ಮಗನ ಕೆಲಸದಲ್ಲಿ ಆಸಕ್ತಿ ತೋರಿಸಿದ. "ಹೈವೇದಾಗ ಜಾಮ್ ಆಗ್ತತೇನು?" ಊಟದ ಹೊತ್ತಿಗೆ ಟ್ರಾಲಿಗಳು ಸಾಲುಗಟ್ಟಿ ನಿಲ್ಲುತ್ತವೆ ಅಂದನಂತೆ ತಮ್ಮ. ವಾರಕ್ಕೊಂದು ರಜೆ ಎನ್ನುವುದಿಲ್ಲ. ವಾರಕ್ಕೆ 72 ಗಂಟೆ ಮೀರಬಾರದು ಎಂಬುದು ನಿಯಮ. ಎಂಟು ತಿಂಗಳು ಹೀಗೆ ದುಡಿದು ಎರಡು ತಿಂಗಳು ಮನೆ. ಮನೆಗೆ ಬಂದ ಮೊದಲ ವಾರ ಬಾಗಿಲು ತೆರೆದೇ ಮಲಗುತ್ತಾನೆ.

2020ರ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಫೆಬ್ರವರಿಯಲ್ಲಿ ಯೊಕೊಹಾಮಾದಲ್ಲಿ 'ಡೈಮಂಡ್ ಪ್ರಿನ್ಸೆಸ್' ಹಡಗನ್ನು 3,711 ಜನರ ಸಮೇತ ತಡೆದು ನಿಲ್ಲಿಸಿದಾಗ ಅದನ್ನು ಬೇರೆಯವರ ಕಥೆ ಅಂತ ನೋಡಿದ್ದೆವು. ಮಾರ್ಚ್ ಮಧ್ಯಕ್ಕೆ ಎಲ್ಲ ಪ್ರವಾಸಿ ಹಡಗುಗಳೂ ನಿಂತವು. ಪ್ರಯಾಣಿಕರು ಇಳಿದು ಹೋದರು, ಕೆಲಸಗಾರರು ಉಳಿದರು. ಯಾವ ಬಂದರೂ ಅವರನ್ನು ಇಳಿಸಿಕೊಳ್ಳಲಿಲ್ಲ. ಇಲ್ಲಿ ನಮ್ಮ ವಿಮಾನಗಳೂ ನಿಂತಿದ್ದವು. ತಮ್ಮನ ಹಡಗು ಬಹಾಮಾಸ್ ಹತ್ತಿರ ಲಂಗರು ಹಾಕಿತು. ಪುಣ್ಯಕ್ಕೆ ಖಾಲಿ ಬಿದ್ದ ಪ್ರಯಾಣಿಕರ ಕೋಣೆಗಳನ್ನೇ ಅವರಿಗೆ ಕೊಟ್ಟರು. ಆರು ವರ್ಷದಲ್ಲಿ ಮೊದಲ ಸಲ ಅವನಿಗೆ ಕಿಟಕಿ ಸಿಕ್ಕಿತ್ತು. ವಿಡಿಯೊ ಕರೆ ಮಾಡಿ ಕಡಲು ತೋರಿಸುತ್ತಿದ್ದ. ಸಂಬಳ ನಿಂತದ್ದನ್ನು ಹೇಳಲಿಲ್ಲ. ಪಕ್ಕದ ಹಡಗುಗಳ ದೀಪಗಳನ್ನು ಎಣಿಸುತ್ತೇನೆ ಅಂತ ಒಂದು ರಾತ್ರಿ ಹೇಳಿದ. ಅಪ್ಪ ಫೋನು ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ.

ಆ ತಿಂಗಳುಗಳಲ್ಲಿ ಅಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ರೊಟ್ಟಿ ಬಡಿಯುತ್ತಾ ಒಮ್ಮೆ, "ಆ ಪೇಪರ್ ಎಲ್ಲಿ ಐತಿ, ನೀ ತೋರ್ಸಿದ್ದು?" ಅಂತ ಮಾತ್ರ ಕೇಳಿದಳು. ಜುಲೈನಲ್ಲಿ ಕೆಲಸಗಾರರಿಗೆಂದೇ ಹೊರಡಿಸಿದ ವಿಮಾನದಲ್ಲಿ ತಮ್ಮ ಗೋವಾಕ್ಕೆ ಬಂದಿಳಿದ. ಒಂದೂವರೆ ವರ್ಷ ಬಳ್ಳಾರಿಯ ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆದ. ಸಾಲ ಇನ್ನೂ ಇತ್ತು. ಮತ್ತೆ ಹಡಗು ಹತ್ತಿದ. ಈ ಸಲ ಹೋಗು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ ನಾನು.

ಹೋದ ಡಿಸೆಂಬರ್ ರಜೆಯಲ್ಲಿ ಅಪ್ಪನನ್ನು ಮಂಗಳೂರಿಗೆ ಕರಕೊಂಡು ಹೋದೆ. ಅಕ್ಟೋಬರಿನಿಂದ ಮೇ ತನಕ ನವ ಮಂಗಳೂರಿಗೂ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಬೆಳಿಗ್ಗೆ ಬಂದ ಹಡಗಿನ ಜನ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕದ್ರಿ ನೋಡಿ ಸಂಜೆಗೆ ಮರಳುತ್ತಾರೆ. ನಾವು ಪಣಂಬೂರಿನ ಮರಳಿನಲ್ಲಿ ಕೂತೆವು. ಸಂಜೆ ಕಲ್ಲಿನ ತಡೆಗೋಡೆಯ ಆಚೆಯಿಂದ ಬಿಳಿ ಹಡಗು ಹೊರಬಂತು. ತಮ್ಮನದ್ದಕ್ಕಿಂತ ಎಷ್ಟೋ ಚಿಕ್ಕದು. ಆದರೂ ಇಡೀ ಓಣಿಗೆ ಒಮ್ಮೆಲೇ ದೀಪ ಹಚ್ಚಿದಂತಿತ್ತು. ಜನ ಫೋನು ಹಿಡಿದು ಎದ್ದು ನಿಂತರು. ಅಪ್ಪ ಕೂತೇ ಇದ್ದ. ಮೇಲಿನ ಅಂತಸ್ತುಗಳ ಕಡೆ ಅವನ ಲಕ್ಷ್ಯವಿರಲಿಲ್ಲ, ನೀರು ತಾಗುವ ಗೆರೆಯನ್ನೇ ನೋಡುತ್ತಿದ್ದ.

"ಅವನ ಕೋಣೆ ಆ ಗೆರೆಗಿಂತ ಕೆಳಗ ಏನು?"

"ಹೂಂ ಅಪ್ಪಾ."

ಹಡಗು ದೀಪವಾಗುವ ತನಕ ಕೂತಿದ್ದೆವು. ವಾಪಸು ಬರುವಾಗ ಹೆದ್ದಾರಿಯ ಬದಿಯಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಅಪ್ಪ ಆಟೊ ನಿಲ್ಲಿಸಲು ಹೇಳಿದ. ಇಳಿದು ಹೋಗಿ, ಚಕ್ರದ ಪಕ್ಕ ಅನ್ನಕ್ಕೆ ಇಟ್ಟಿದ್ದ ಹುಡುಗನ ಎದುರು ಕುಕ್ಕರಗಾಲಲ್ಲಿ ಕೂತು ಕೇಳಿದ:

"ಎಷ್ಟು ದಿನ ಆತಪ್ಪಾ ನಿಂತು?"