ಎಪ್ಸಿಲಾನ್ ಸಹವಾಸ

ಮಾಗಡಿ ಕೆರೆ ಏರಿಯ ಮೇಲೆ ಪಟ್ಟೆತಲೆ ಹೆಬ್ಬಾತುಗಳನ್ನು ನೋಡುತ್ತ ನಿಂತಿದ್ದೆ. 2024ರಲ್ಲಿ ರಾಮ್‌ಸರ್ ಪಟ್ಟಿ ಸೇರಿದ ಕೆರೆ ಇದು. ಜೊತೆಗಿದ್ದ ಹುಡುಗ ಗಾಳಿಯಂತ್ರಗಳ ಲೆಕ್ಕ ಮಾಡುವ ಎಂಜಿನಿಯರು. ಹಕ್ಕಿ ಬಿಟ್ಟು ಮೊಬೈಲ್ ತೋರಿಸಿದ: “ಸರ, ಈ ಸಲ ರಿಯಲೈಜಬಲ್ ಕೆ-ಎಪ್ಸಿಲಾನ್ ಹಾಕೇನ್ರಿ. ಉತ್ತರ ಖರೇನ ಬರತೈತಿ.”

ಪಿತ್ತ ಕೆರಳಿತು. ಕೆ-ಎಪ್ಸಿಲಾನ್ ಅಂದರೆ ಗಾಳಿಯ ಸುಳಿಗಳ ಪರಿಣಾಮವನ್ನು ಅಂದಾಜಿಸುವ ಒಂದು ಮಾಡೆಲ್. ವೇಗದ ಏರಿಳಿತದ ವರ್ಗಗಳ ಸರಾಸರಿ ಸೊನ್ನೆಗಿಂತ ಕೆಳಗಿಳಿಯಬಾರದು ಎಂಬಂಥ ಗಣಿತದ ಮರ್ಯಾದೆ ಮೀರುವುದಿಲ್ಲ ಎಂದಷ್ಟೇ ‘ರಿಯಲೈಜಬಲ್’ ಎಂಬ ಹೆಸರಿನ ಅರ್ಥ. ಮರ್ಯಾದಸ್ಥರೆಲ್ಲ ಸತ್ಯವಂತರೇನು? ಅದೇ ಮಾಡೆಲ್‌ನ ಇನ್ನೊಂದು ರೂಪಕ್ಕೆ ‘ಸ್ಟ್ಯಾಂಡರ್ಡ್’ ಅನ್ನುವುದೂ ಶ್ರೇಷ್ಠತೆಯ ಮುದ್ರೆಯಲ್ಲ. 1974ರಲ್ಲಿ ಲಾಂಡರ್, ಸ್ಪಾಲ್ಡಿಂಗ್ ಕೊಟ್ಟ 0.09, 1.44, 1.92 ಮುಂತಾದ ಸ್ಥಿರಾಂಕಗಳ ಗುರುತು. ‘ಲೋ ರೆನಾಲ್ಡ್ಸ್ ನಂಬರ್ ಮಾಡೆಲ್’ ನಿಧಾನದ ಹರಿವಿಗೆ ಎಂದು ಬೋರ್ಡಿನ ಮೇಲೆ ಬರೆದು ಕಲಿಸುವವರನ್ನೂ ಕಂಡಿದ್ದೇನೆ. ವಿಮಾನದ ರೆಕ್ಕೆಗೂ ಅದೇ ಮಾಡೆಲ್ ಹಚ್ಚುತ್ತಾರಲ್ಲ ಸ್ವಾಮಿ! ‘ಲೋ’ ಇರುವುದು ಗೋಡೆಗಂಟಿದ ತೆಳು ಪದರದಲ್ಲಿ, ಸುಳಿಗಳ ಲೆಕ್ಕದ ರೆನಾಲ್ಡ್ಸ್ ಸಂಖ್ಯೆ. ಆ ಪದರಕ್ಕಿಳಿಯಲು ಗೋಡೆಗೆ ತಾಗಿದ ಮೊದಲ ಕೋಶದ ವೈ-ಪ್ಲಸ್ (ಗೋಡೆಯಿಂದ ದೂರದ ಅಳತೆ) 1ರ ಆಸುಪಾಸು ಬೇಕು. ಆ ಪದರವನ್ನು ಬಿಡಿಸದೆ ಸೂತ್ರದಿಂದ ದಾಟುವ ವಾಲ್ ಫಂಕ್ಷನ್ ಆದರೆ 30ರ ಮೇಲೆ. ಮಧ್ಯಮಮಾರ್ಗ ಕ್ಷೇಮವೆಂದು 10ಕ್ಕಿಟ್ಟು ಎರಡನ್ನೂ ಕೆಡಿಸುವ ಜಾಣರ ಬಗ್ಗೆ ಮಾತಾಡಿದರೆ ನನ್ನ ರಕ್ತದೊತ್ತಡ ಏರುತ್ತದೆ.

ನನಗೆ ಪ್ರೀತಿಯದು ಎಡ್ಡಿ ವಿಸ್ಕಾಸಿಟಿ, ಅಂದರೆ ಸುಳಿಗಳ ಬೆರಕೆಯನ್ನು ಜಿಗುಟೆಂದು ಎಣಿಸುವುದು; 1877ರಲ್ಲಿ ಬೂಸಿನೆಸ್ಕ್‌ಗೆ ಹೊಳೆದ ಉಪಾಯ. ಕುಸುಬಿ ಎಣ್ಣೆಯ ಜಿಗುಟು ಎಣ್ಣೆಯದೇ. ಈ ಜಿಗುಟು ಮಾತ್ರ ಗಾಳಿಯದಲ್ಲ, ಹರಿವಿನದು. ಜಾಗ ಬದಲಾದರೆ ಬದಲಾಗುತ್ತದೆ, ಹರಿವು ನಿಂತರೆ ಮಾಯ. ಯಾರು ಫಲಿತಾಂಶ ತಂದರೂ ವೇಗದ ಬಣ್ಣದ ಚಿತ್ರ ಬದಿಗಿಟ್ಟು, ಎಡ್ಡಿ ವಿಸ್ಕಾಸಿಟಿಯನ್ನು ಗಾಳಿಯ ಸಹಜ ಜಿಗುಟಿನಿಂದ ಭಾಗಿಸಿ ನೋಡುವುದು ನನ್ನ ಚಾಳಿ. ಕಾರಣವಿಲ್ಲದೆ ಅದು ಉಬ್ಬಿದ ಕಡೆ ಅನುಮಾನ ಪಡಿ. ಗಾಳಿಯಂತ್ರದ ಬೆನ್ನಿಗೇ ಹಾಗಾಗುತ್ತದೆ: ಸ್ಟ್ಯಾಂಡರ್ಡ್ ಕೆ-ಎಪ್ಸಿಲಾನ್ ಅಲ್ಲಿ ಬೆರಕೆಯನ್ನು ಅತಿಮಾಡಿ, ದಣಿದ ಗಾಳಿಯನ್ನು ಬೇಗನೆ ಚೇತರಿಸಿಬಿಡುತ್ತದೆ. ಹಿಂದಿನ ಯಂತ್ರಕ್ಕೆ ಕಾಗದದಲ್ಲಿ ಸಿಕ್ಕ ಗಾಳಿ ಯಂತ್ರ ನಿಂತಿರುವ ಕಪ್ಪತಗುಡ್ಡದ ಮೇಲೆ ಸಿಗಬೇಕಲ್ಲ?

ಟರ್ಬುಲೆನ್ಸ್, ಅಂದರೆ ಸುಳಿಹರಿವು, ತಣ್ಣಗಾಗುವ ಕಥೆ ಇನ್ನೂ ಸೊಗಸು. ರೊದ್ದಂ ನರಸಿಂಹ ಮತ್ತು ಕೆ.ಆರ್. ಶ್ರೀನಿವಾಸನ್ 1973ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ, ಗೋಡೆಯ ಬದಿಯ ಸುಳಿಹರಿವನ್ನು ಜೋರಾಗಿ ವೇಗಗೊಳಿಸಿದರೆ ಅದು ಶಾಂತವಾಗುವುದೇಕೆ ಎಂದು ಬರೆದರು. ಸುಳಿಗಳು ಅಲ್ಲಿ ಸತ್ತುಹೋಗಿರುವುದಿಲ್ಲ. ನುಗ್ಗಿ ಬಂದ ಒತ್ತಡದ ಬಲದೆದುರು ಲೆಕ್ಕಕ್ಕೆ ಬಾರದಾಗುತ್ತವೆ, ಅಷ್ಟೇ. ವಾಲ್ ಫಂಕ್ಷನ್ ಹಚ್ಚಿದ ಸ್ಟ್ಯಾಂಡರ್ಡ್ ಕೆ-ಎಪ್ಸಿಲಾನ್‌ಗೆ ಈ ಸಂಗತಿ ಕಾಣುವುದೇ ಇಲ್ಲ. ಹುಡುಗನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಮೆನುವಿನಲ್ಲಿ ಮಾಡೆಲ್ ಆರಿಸುವ ಮುಂಚೆ ಆ ಲೇಖನವನ್ನೊಮ್ಮೆ ಓದಿ.