ಪುಂಡಿ, ಪುಂಟಿಕೂರ, ಗೋಂಗುರ

1956ರವರೆಗೆ ನಾರಾಯಣಖೇಡ, ಜಹೀರಾಬಾದ್ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಈ ಕಡೆ ಕನ್ನಡದ ಮನೆಗಳಲ್ಲಿ ಪುಂಡಿ ಅನ್ನುತ್ತಾರೆ, ತೆಲುಗರ ಮನೆಗಳಲ್ಲಿ ಪುಂಟಿಕೂರ. ಗೋಂಗುರ ಅನ್ನುವುದು ಆಂಧ್ರದಿಂದ ಹೋಟೆಲುಗಳಿಗೆ ಬಂದ ಹೆಸರು.

ಮೊನ್ನೆ ತಾಂಡೂರಿನಿಂದ ಬರುವಾಗ ಜಹೀರಾಬಾದಿನ ಹೋಟೆಲೊಂದರಲ್ಲಿ ಊಟದ ಜೊತೆ ಗೋಂಗುರ ಪಚ್ಚಡಿ ಬಡಿಸಿದರು. ಮನೆಯಲ್ಲಿ ಪುಂಡಿಪಲ್ಯ ಕಂಡರೆ ಮುಖ ತಿರುಗಿಸುವ ಮಗಳು ಎರಡು ಸಲ ಹಾಕಿಸಿಕೊಂಡು, "ಅಪ್ಪಾ, ಇದು ನಮ್ಮ ಮನ್ಯಾಗ ಯಾಕ ಮಾಡಲ್ಲ?" ಅಂದಳು!

ಸರಿ, ಭಾನುವಾರ ಅವಳ ಕೈಯಿಂದಲೇ ಎರಡು ಕಟ್ಟು ಪುಂಡಿ ಬಿಡಿಸಿದೆ. ಪಲ್ಯಕ್ಕಾದರೆ ತೊಗರಿಬೇಳೆ, ಜೋಳದ ನುಚ್ಚು ಹಾಕಿ ಬೇಯಿಸುತ್ತೇವೆ. ಪಚ್ಚಡಿಗೆ ನೀರೇ ಬೇಡ; ತೊಳೆದ ಸೊಪ್ಪು ಬಟ್ಟೆಯ ಮೇಲೆ ಚೆನ್ನಾಗಿ ಆರಬೇಕು. ಹತ್ತು ಒಣಮೆಣಸಿನಕಾಯಿ, ಒಂದು ಚಮಚ ಧನಿಯಾ, ನಾಲ್ಕು ಕಾಳು ಮೆಂತ್ಯ ಹುರಿದು ತೆಗೆದಿಡಿ. ಅದೇ ಬಾಣಲೆಗೆ ಎಣ್ಣೆ ಹಾಕಿ ಸೊಪ್ಪು ಮುದ್ದೆಯಾಗುವವರೆಗೆ ಬಾಡಿಸಿ. ಹುಣಸೆ ಬೇಡ, ಸೊಪ್ಪೇ ಹುಳಿ. ಉಪ್ಪು, ಬೆಳ್ಳುಳ್ಳಿ ಸೇರಿಸಿ ಎಲ್ಲವನ್ನೂ ಒರಳಲ್ಲಿ ಕುಟ್ಟಿ ಒಗ್ಗರಣೆ ಕೊಡಿ. (ಮಿಕ್ಸಿಯಲ್ಲೂ ಆಗುತ್ತದೆ, ಆ ರುಚಿ ಬರುವುದಿಲ್ಲ.)

ಸೋಮವಾರ ಶಾಲೆಯಲ್ಲಿ ಅವಳ ಡಬ್ಬಿಯ ಸುತ್ತ ಐದಾರು ಮಕ್ಕಳು. ಎಲ್ಲರೂ "ಗೋಂಗುರ!" ಅಂದರು. "ಅಲ್ಲ, ಪುಂಡಿ" ಅಂದಳು ಮಗಳು. ಡಬ್ಬಿ ಖಾಲಿಯಾಗಿ ಮನೆಗೆ ಬಂತು.