ಬೇಲಿಯೇ ಹೊಲ ಮೇಯ್ದಾಗ

ಮಗುವಿನ ಮುಖ ಬಿಳಿಚಿಕೊಂಡರೆ ನೀವು ಮೊದಲು ಏನು ಮಾಡುತ್ತೀರಿ? ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಉತ್ತರ ಹೆಚ್ಚುಕಡಿಮೆ ಒಂದೇ. ಹುಳದ ಮದ್ದು ಕೊಡುತ್ತೇವೆ. ಕಣ್ಣು ತುಸು ಹಳದಿ ಕಂಡರೆ ಕಾಮಾಲೆಯೆಂದು ಹಳ್ಳಿಮದ್ದಿನವರ ಮನೆಗೆ ಓಡುತ್ತೇವೆ. ಮುಖ ಊದಿದ್ದರೆ ನಿದ್ದೆ ಹೆಚ್ಚಾಯಿತು ಎನ್ನುತ್ತೇವೆ. ಮಗು ಇವತ್ತು ಎಷ್ಟು ಸಲ ಮೂತ್ರ ಮಾಡಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನನ್ನ ತರಗತಿಯ ಎಂಟು ವರ್ಷದ ಹುಡುಗಿಯೊಬ್ಬಳ ಉಮ್ಮ ಅದನ್ನು ಗಮನಿಸಿದರು. ಮೂತ್ರ ಕಡಿಮೆ, ಬಣ್ಣ ಕಟ್ಟಾ ಚಹಾದಂತೆ. ಊರಿನ ಡಾಕ್ಟರು ರಕ್ತಪರೀಕ್ಷೆ ನೋಡಿ ಅಂದೇ ರಾತ್ರಿ ಮಂಗಳೂರಿಗೆ ಕಳುಹಿಸಿದರು. ರಕ್ತದ ಪ್ಲೇಟ್‌ಲೆಟ್ ಇಳಿದಿತ್ತು, ಕಿಡ್ನಿ ಕೆಲಸ ನಿಲ್ಲಿಸುವುದರಲ್ಲಿತ್ತು. ವಾರಗಳ ನಂತರ ಆಸ್ಪತ್ರೆಯ ಕಾಗದ ಹಿಡಿದು ಅವರು ನನ್ನಲ್ಲಿಗೆ ಬಂದರು. "ಟೀಚರೇ, ಸಿ3 ಕಡಿಮೆ ಅಂತ ಬರೆದಿದ್ದಾರೆ, ಏನದು?" ನಾನು ಕಲಿತದ್ದು ಮದ್ರಸ ಮತ್ತು ಬಿ.ಎ. ಆದರೂ ಬಲ್ಲವರನ್ನು ಕೇಳಿದೆ, ಓದಿದೆ.

ನಮ್ಮ ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಒಂದು ದೊಡ್ಡ ಗುಂಪಿದೆ. ಮೂವತ್ತಕ್ಕೂ ಹೆಚ್ಚು. ಬಹುಪಾಲು ತಯಾರಾಗುವುದು ಲಿವರಿನಲ್ಲಿ. ರೋಗಾಣು ಒಳಬಂದರೆ ಒಂದು ಇನ್ನೊಂದನ್ನು ಎಬ್ಬಿಸುತ್ತಾ ಹೋಗಿ, ಕೊನೆಗೆ ಅದರ ಹೊರಗೋಡೆಗೆ ತೂತು ಕೊರೆಯುತ್ತವೆ. ಬಿಳಿ ರಕ್ತಕಣಗಳನ್ನೂ ಕರೆಯುತ್ತವೆ. ಊತ, ಉರಿ ಬರುವುದಕ್ಕೆ ಇದೂ ಒಂದು ಕಾರಣ. ಇದರ ಶೋಧಕ್ಕಾಗಿ ಬೆಲ್ಜಿಯಂನ ಜೂಲ್ಸ್ ಬೋರ್ಡೆಯವರಿಗೆ 1919ರ ನೊಬೆಲ್ ಸಿಕ್ಕಿತು. ನಮ್ಮ ತೋಟದ ನಾಗರಹಾವಿನ ವಿಷದಲ್ಲೂ ಈ ಪ್ರೋಟೀನುಗಳನ್ನು ಖಾಲಿಮಾಡುವ ಅಂಶವೊಂದಿದೆಯಂತೆ, ವಿಜ್ಞಾನಿಗಳು ಅದನ್ನೇ ಪ್ರಯೋಗಕ್ಕೆ ಬಳಸಿದ್ದಾರೆ!

ಇಂತಹ ಪಡೆಗೆ ಲಗಾಮು ಬೇಡವೇ? ಇದೆ. ಅದರ ಹೆಸರು ಫ್ಯಾಕ್ಟರ್ ಎಚ್. ಈ ಹುಡುಗಿಯ ದೇಹ ಆ ಲಗಾಮನ್ನೇ ಶತ್ರುವೆಂದು ತಿಳಿದು ಅದರ ವಿರುದ್ಧ ಪ್ರತಿಕಾಯ ಮಾಡಿತ್ತು. ಲಗಾಮು ತಪ್ಪಿದ ಪಡೆ ಕಿಡ್ನಿಯ ಸಣ್ಣ ರಕ್ತನಾಳಗಳ ಮೇಲೆಯೇ ಬಿತ್ತು. ಎಟಿಪಿಕಲ್ ಎಚ್‌ಯುಎಸ್ ಎಂಬ ಈ ಅಪರೂಪದ ಕಾಯಿಲೆಯ ಭಾರತೀಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕಾರಣ ಈ ಪ್ರತಿಕಾಯವೇ. ಬೇರೆ ದೇಶಗಳಲ್ಲಿ ಇದು ಇಷ್ಟಿಲ್ಲ.

ಪಡೆಯನ್ನು ಮಧ್ಯದಲ್ಲಿ, ಸಿ5 ಎಂಬಲ್ಲಿ, ತಡೆಯುವ ಎಕ್ಯುಲಿಜುಮಾಬ್ ಎಂಬ ಇಂಜೆಕ್ಷನ್‌ಗೆ ಅಮೆರಿಕದಲ್ಲಿ ಈ ಕಾಯಿಲೆಗಾಗಿ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿನ ಬೆಲೆಯಲ್ಲಿ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ. ಅಡಿಕೆ ಸುಲಿಯುವ ಉಪ್ಪನ ಮಗಳಿಗೆ ಅದರ ಮಾತೇ ಬೇಡ. ಬೇಲಿಯನ್ನು ತಡೆದರೆ ಕಳ್ಳನಿಗೂ ದಾರಿಯಾಗುತ್ತದೆ. ಆದ್ದರಿಂದ ಅದನ್ನು ಕೊಡುವ ಮೊದಲು ಮೆದುಳುಜ್ವರದ ಮೆನಿಂಗೊಕಾಕಸ್ ಲಸಿಕೆ ಹಾಕಿಸಬೇಕು.

ಆದರೆ ಪ್ರತಿಕಾಯದಿಂದ ಬಂದ ಕಾಯಿಲೆಗೆ ನಮ್ಮ ದೇಶದ ವೈದ್ಯರು ಇನ್ನೊಂದು ದಾರಿ ನೆಚ್ಚಿಕೊಂಡಿದ್ದಾರೆ. ರಕ್ತದ ಪ್ಲಾಸ್ಮಾ ತೆಗೆದು ಬೇರೆ ತುಂಬುವುದು, ಜೊತೆಗೆ ಸ್ಟೀರಾಯ್ಡ್‌ನಂಥ, ಪ್ರತಿಕಾಯ ತಗ್ಗಿಸುವ ಔಷಧಿ. ಬೇಗ ಶುರುವಾದಷ್ಟೂ ಕಿಡ್ನಿ ಉಳಿಯುವ ಆಸೆ ಹೆಚ್ಚು. ಈ ಹುಡುಗಿಗೂ ಅದನ್ನೇ ಮಾಡಿದರು. ಸಂಬಂಧಿಕರಿಂದ ಸಾಲ ಎತ್ತಿದ್ದು, ಉಮ್ಮನ ಬಳೆ ಹೋದದ್ದು ಬೇರೆ ಕಥೆ.

ಕಾಯಿಲೆ ಮರುಕಳಿಸಬಹುದೆಂದು ಮಾತ್ರೆ ಇನ್ನೂ ನಿಲ್ಲಿಸಿಲ್ಲ. ಮಗಳಿಗೆ ಜ್ವರ ಬಂದ ದಿನ ಉಮ್ಮ ಗೆರೆ ಹಾಕಿದ ಡಬ್ಬಿಯಲ್ಲಿ ಮೂತ್ರ ಅಳೆದು ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಾರೆ.